ಐವತ್ತಮೂರನೆಯ ತಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ದೆವ್ವ, ಗಾಳಿ, ಶಕುನ, ದೃಷ್ಟಿ ಇವ್ಯಾವುದನ್ನೂ ನಂಬಿದವನಲ್ಲ. ಸರ್ಕಾರಿ ಬಸ್ಸಿನ ಕಂಡಕ್ಟರನಾಗಿದ್ದವನು ನಾನು. ನಮ್ಮ ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಇಂಥ ಕಥೆಗಳಿಗೆ ಬರವಿರಲಿಲ್ಲ. ಹಳ್ಳಿಮೈಸೂರಿನ ಆಚೆ ಕೆರೆ ಏರಿಯ ಮೇಲೆ ಬಿಳಿ ಸೀರೆಯವಳು ಕೈ ಅಡ್ಡ ಹಾಕಿದಳಂತೆ, ಬಸ್ ನಿಲ್ಲಿಸಿದರೆ ಯಾರೂ ಇಲ್ಲವಂತೆ, ಡ್ರೈವರ್‌ಗೆ ಮೂರು ದಿನ ಜ್ವರವಂತೆ. ನಾನು ಕೇಳಿ ಕೇಳಿ ನಗುತ್ತಿದ್ದೆ. ಜ್ವರ ಬಂದದ್ದು ಬಿಳಿ ಸೀರೆಯಿಂದಲ್ಲ, ಹಿಂದಿನ ದಿನ ತಿಂದ ಹಳಸಲು ಬೋಂಡದಿಂದ ಎಂದು ತಮಾಷೆ ಮಾಡುತ್ತಿದ್ದೆ. ಹೀಗಾಗಿ ನನಗೇ ಒಂದು ವಿಚಿತ್ರ ನಡೆಯಿತು ಎಂದಾಗ ಗೆಳೆಯರು ಯಾರೂ ನಂಬಲಿಲ್ಲ. ಅವರನ್ನು ದೂರುವಂತಿಲ್ಲ. ನೀವೂ ನಂಬಬೇಕಾಗಿಲ್ಲ, ಕೇಳಿದರೆ ಸಾಕು.

ತೊಂಬತ್ತರ ದಶಕದ ಕೊನೆಯ ಮಾತು. ನನ್ನ ಊರು ಅರಕಲಗೂಡು. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣದ ರಸ್ತೆಗಳಲ್ಲೇ ಹದಿನೆಂಟು ವರ್ಷ ಸರ್ವಿಸ್ ಆಗಿತ್ತು. ಗುಂಡುಕಲ್ಲಿನ ಹಾಗಿದ್ದ ನನಗೆ ಒಂದು ಚಳಿಗಾಲ ಬಲಗಡೆಯ ಮೂಗು ಕಟ್ಟಿಕೊಂಡಿತು. ನೆಗಡಿ ಎಂದುಕೊಂಡೆ. ನೀಲಗಿರಿ ಎಣ್ಣೆಯ ಹಬೆ ತೆಗೆದುಕೊಂಡೆ. ಆಮೇಲೆ ದಿಂಬಿನ ಮೇಲೆ ರಕ್ತದ ಚುಕ್ಕೆ ಕಾಣಿಸಿತು, ಕೆನ್ನೆ ಜೋಮು ಹಿಡಿಯಿತು, ಮೇಲಿನ ದವಡೆಯ ಹಲ್ಲೊಂದು ತಾನಾಗಿಯೇ ಅಲ್ಲಾಡತೊಡಗಿತು. ಹಲ್ಲಿನ ಡಾಕ್ಟರು ಬಾಯಿ ನೋಡಿದವರೇ ಇದು ಹಲ್ಲಿನದಲ್ಲ, ಇವತ್ತೇ ಹಾಸನಕ್ಕೆ ಹೋಗಿ ಎಂದರು. ಅಲ್ಲಿ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳುಹಿಸಿದರು. ಕೆನ್ನೆಯ ಮೂಳೆಯೊಳಗೆ ಒಂದು ಟೊಳ್ಳು ಇರುತ್ತದಂತೆ, ಅದಕ್ಕೆ ಸೈನಸ್ ಎನ್ನುತ್ತಾರಂತೆ, ನನ್ನ ಆ ಟೊಳ್ಳಿನಲ್ಲಿ ಕ್ಯಾನ್ಸರ್ ಬಂದು ಕುಳಿತಿತ್ತು. ಸುತ್ತ ನಾಲ್ಕು ದಿಕ್ಕಿಗೂ ಹೊಗೆಸೊಪ್ಪು ಬೆಳೆಯುವ ಸೀಮೆಯಲ್ಲಿ ಹುಟ್ಟಿಯೂ ಒಂದು ಬೀಡಿ ಸೇದದೆ ಬದುಕಿದ ಮನುಷ್ಯ ನಾನು. ನನಗೆ ದುಃಖಕ್ಕಿಂತ ಮೊದಲು ಬಂದದ್ದು ಸಿಟ್ಟು.

ಕಿಮೋ ಆಯಿತು, ನಮ್ಮ ಕಡೆ ಕರೆಂಟು ಕೊಡುವುದು ಎನ್ನುವ ರೇಡಿಯೇಶನ್ ಆಯಿತು. ತಲೆಯ ಕೂದಲು ಹೋದಾಗ ನನ್ನ ಹೆಂಡತಿ ಸುಶೀಲ, "ತಿರುಪತಿಗೆ ಓಗೋ ಖರ್ಚು ಉಳೀತು ಬುಡಿ" ಎಂದಳು. ಬಾಯೆಲ್ಲ ಹುಣ್ಣಾಗಿ ಗಂಜಿಯೂ ಮುಳ್ಳಿನಂತೆ ಚುಚ್ಚುತ್ತಿತ್ತು. ಎಂಜಲು ಬತ್ತಿತು. ವಾಸನೆ ಪೂರ್ತಿ ಹೋಯಿತು. ಬಾಯಿ ಎರಡು ಬೆರಳಷ್ಟು ಅಗಲಕ್ಕಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಆದರೂ ಕೊನೆಯಲ್ಲಿ ಗಡ್ಡೆ ಕರಗಿದೆ ಎಂದರು. ನಾನು ಮತ್ತೆ ಖಾಕಿ ತೊಟ್ಟು, ಸೀಟಿ ಊದುತ್ತಾ ಬಸ್ ಹತ್ತಿದೆ. ವರ್ಷದ ಮೇಲೆ ಎರಡು ತಿಂಗಳು ಚೆನ್ನಾಗಿಯೇ ಇದ್ದೆ. ಆಮೇಲೆ ಒಂದು ದಿನ ಬಲಗಣ್ಣಿನಲ್ಲಿ ಸುಮ್ಮಸುಮ್ಮನೆ ನೀರು ಸುರಿಯತೊಡಗಿತು. ಕೆನ್ನೆ ಊದಿಕೊಂಡಿತು. ಅದು ವಾಪಸ್ ಬಂದಿತ್ತು.

ಈ ಸಲ ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಸರ್ಜನ್ ಕಾಗದದ ಮೇಲೆ ಒಂದು ತಲೆಬುರುಡೆ ಬರೆದು ತೋರಿಸಿದರು. ಇನ್ನು ಕರೆಂಟೂ ಇಲ್ಲ, ಔಷಧಿಯೂ ಇಲ್ಲ, ಆಪರೇಷನ್ ಒಂದೇ ದಾರಿ. ಬಲಗಡೆಯ ಮೇಲ್ದವಡೆ, ಕೆನ್ನೆಯ ಮೂಳೆ, ಬಾಯೊಳಗಿನ ಅಂಗುಳದ ಅರ್ಧಭಾಗ ಎಲ್ಲ ತೆಗೆಯಬೇಕು. ತೂತಾದ ಜಾಗಕ್ಕೆ ಹಲ್ಲುಸೆಟ್ಟಿನ ಹಾಗೆ ಒಂದು ಪ್ಲೇಟು ಕೂರಿಸುತ್ತಾರೆ. ಕಣ್ಣನ್ನು ಉಳಿಸಲು ನೋಡುತ್ತೇವೆ, ಆದರೆ ತಡ ಮಾಡಿದರೆ ಕಣ್ಣೂ ಇಲ್ಲ, ನೀವೂ ಇಲ್ಲ ಎಂದು ನೇರವಾಗಿಯೇ ಹೇಳಿ ದಿನ ಗೊತ್ತುಮಾಡಿದರು. ನಾನು ಮಾತು ಸರಿಯಾಗಿ ಬರುತ್ತದೆಯೇ ಎಂದು ಕೇಳಿದೆ. ಬರಬಹುದು ಎಂದರು. ಆ 'ಬಹುದು' ನನ್ನ ಎದೆಯಲ್ಲಿ ಕೂತಿತು. ಬಾಯಿಲ್ಲದ ಕಂಡಕ್ಟರನನ್ನು ಯಾರು ಇಟ್ಟುಕೊಳ್ಳುತ್ತಾರೆ? ಮೊಮ್ಮಕ್ಕಳು ಕಂಡರೆ ಚೀರಿಕೊಳ್ಳುವ ಮುಖ ಹೊತ್ತು ಎಷ್ಟು ವರ್ಷ ಬದುಕುವುದು?

ನಿಜ ಹೇಳುತ್ತೇನೆ, ನನಗೆ ಭಯವಾಯಿತು. ಭಯದಲ್ಲಿದ್ದವನಿಗೆ ಸಲಹೆ ಕೊಡುವವರು ಬೇಗ ಸಿಗುತ್ತಾರೆ. ಚನ್ನರಾಯಪಟ್ಟಣದಿಂದ ನಾಲ್ಕೈದು ಮೈಲಿ ದೂರದ ಒಂದು ಹಳ್ಳಿಯಲ್ಲಿ ಒಬ್ಬ ಪಂಡಿತರು ಸೊಪ್ಪು ಅರೆದು ಕಟ್ಟಿ ಗಡ್ಡೆ ಕರಗಿಸುತ್ತಾರೆ, ಕತ್ತಿ ಕತ್ತರಿ ಏನೂ ಬೇಡ ಎಂದು ಯಾರೋ ಹೇಳಿದರು. ಪಂಡಿತರ ಹಳ್ಳಿಯ ಹೆಸರು, ಚನ್ನರಾಯಪಟ್ಟಣದಲ್ಲಿ ಇಳಿಯಬೇಕೆಂಬುದು ಎರಡನ್ನೂ ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡೆ. ಸುಶೀಲಳಿಗೆ ಹೇಳಿದರೆ ರಂಪ ಮಾಡುತ್ತಾಳೆಂದು ಹೇಳಲಿಲ್ಲ. ಆಪರೇಷನ್ನಿಗೆ ಸೇರಲು ಬೆಂಗಳೂರಿಗೆ ಹೊರಡುವ ದಿನ, ಬಸ್ಸು ಚನ್ನರಾಯಪಟ್ಟಣದಲ್ಲಿ ತಿಂಡಿಗೆ ನಿಂತಾಗ ಮೂತ್ರಕ್ಕೆ ಹೋಗಿಬರುತ್ತೇನೆಂದು ಇಳಿದು ಮಾಯವಾಗುವುದು ನನ್ನ ಉಪಾಯ. ಹೆಂಡತಿಯನ್ನು ಬಸ್ಸಿನಲ್ಲಿ ಬಿಟ್ಟು ಓಡಿಹೋಗುವ ಉಪಾಯ! ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ. ಆದರೆ ಆಗ ಅದೇ ಮಹಾ ಬುದ್ಧಿವಂತಿಕೆಯಾಗಿ ಕಂಡಿತ್ತು.

ಅವರೆಕಾಯಿಯ ಕಾಲ, ಬೆಳಗಿನ ಮಂಜು. ಅರಕಲಗೂಡಿನಿಂದ ಹಳ್ಳಿಮೈಸೂರು, ಹೊಳೆನರಸೀಪುರ, ಚನ್ನರಾಯಪಟ್ಟಣದ ಮೇಲೆ ಬೆಂಗಳೂರಿಗೆ ಹೋಗುವ ಬಸ್ಸು. ಅವತ್ತಿನ ಕಂಡಕ್ಟರ್ ನನ್ನ ಹಳೆಯ ಗೆಳೆಯ ರಂಗಸ್ವಾಮಿ. ಊದಿದ ಕೆನ್ನೆಗೆ ಟವೆಲ್ ಸುತ್ತಿಕೊಂಡು ಮೂರನೇ ಸಾಲಿನಲ್ಲಿ ಕುಳಿತಿದ್ದ ನನ್ನನ್ನು ಕಂಡು, "ಮದುವೆ ಎಣ್ಣಿನಂಗೆ ಕೂತವ್ನೆ ನೋಡು" ಎಂದು ಗೇಲಿ ಮಾಡಿದ. ಹಳ್ಳಿಮೈಸೂರಿನಲ್ಲಿ ಒಬ್ಬ ಅಜ್ಜಿ ಒಂದು ಚೀಲ ಅವರೆಕಾಯಿ ಹೊತ್ತು ಹತ್ತಿ ನಮ್ಮ ಮುಂದಿನ ಸೀಟಿನಲ್ಲಿ ಕುಳಿತಳು. ಬಸ್ಸಿಗೆ ಬಸ್ಸೇ ಸೊಗಡು ಎಂದು ಮೂಗು ಅರಳಿಸಿತು. ನನಗೊಬ್ಬನಿಗೆ ಏನೂ ತಿಳಿಯಲಿಲ್ಲ.

ಹೊಳೆನರಸೀಪುರದಲ್ಲಿ ಬಸ್ ತುಂಬಿತು. ಅಲ್ಲಿಂದ ಚನ್ನರಾಯಪಟ್ಟಣದವರೆಗೆ ನಿಲುಗಡೆಯಿಲ್ಲ. ಟಿಕೆಟ್ ಕೊಟ್ಟು ಮುಗಿಸಿದ ಮೇಲೆ ಕಂಡಕ್ಟರ್ ತಲೆ ಎಣಿಸಿ, ಕೊಟ್ಟ ಟಿಕೆಟ್ಟಿಗೆ ತಾಳೆ ನೋಡುವುದು ಪದ್ಧತಿ. ಮಡಿಲ ಕೂಸು ಲೆಕ್ಕಕ್ಕಿಲ್ಲ, ಡ್ರೈವರೂ ಕಂಡಕ್ಟರೂ ಲೆಕ್ಕಕ್ಕಿಲ್ಲ. ರಂಗಸ್ವಾಮಿ ಎಣಿಸುತ್ತಾ ಹೋದ. ಕುಳಿತಲ್ಲಿಂದಲೇ ನಾನೂ ರೂಢಿಯಂತೆ ಎಣಿಸಿದೆ. ಐವತ್ತೆರಡು. ಅವನೂ ಐವತ್ತೆರಡು ಎಂದ. ಸರಿಹೋಯಿತು ಎಂದು ಒರಗಿಕೊಂಡವನಿಗೆ ಥಟ್ಟನೆ ಹೊಳೆಯಿತು. ಹದಿನೆಂಟು ವರ್ಷದ ಅಭ್ಯಾಸಬಲದಲ್ಲಿ ನಾನು ನನ್ನನ್ನೇ ಬಿಟ್ಟು ಎಣಿಸಿದ್ದೆ. ಇವತ್ತು ನಾನು ಪ್ರಯಾಣಿಕ. ನನ್ನನ್ನೂ ಸೇರಿಸಿದರೆ ಐವತ್ತಮೂರು.

"ಲೇ ರಂಗ, ಒಬ್ಬ ಜಾಸ್ತಿ ಅವ್ನೆ ಕಣ್ಲಾ" ಎಂದೆ.

"ನಿನ್ ತಲೆ. ನಿನ್ನೂ ಸೇರ್ಸೇ ಐವತ್ತೆಲ್ಡು."

ಅವನು ಮತ್ತೆ ಎಣಿಸಿದ, ಐವತ್ತೆರಡು. ನಾನು ಎದ್ದು ನಿಂತು ಎಣಿಸಿದೆ, ಐವತ್ತಮೂರು. ಅವನು ಮುಂದಿನಿಂದ ಹಿಂದಕ್ಕೆ, ನಾನು ಹಿಂದಿನಿಂದ ಮುಂದಕ್ಕೆ. ಅದೇ ಅಂತರ. ರಂಗಸ್ವಾಮಿಯ ಮುಖ ಸಣ್ಣಗಾಯಿತು. ಚನ್ನರಾಯಪಟ್ಟಣದಲ್ಲಿ ಚೆಕಿಂಗ್‌ನವರು ನಿಂತಿದ್ದಾರೆ ಎಂದು ಎದುರು ಬಸ್ಸಿನವರು ಆಗಲೇ ಕೈಸನ್ನೆ ಮಾಡಿ ಹೋಗಿದ್ದರು. ಟಿಕೆಟ್ ಇಲ್ಲದ ಒಂದು ತಲೆ ಸಿಕ್ಕರೆ ಅವನಿಗೆ ಮೆಮೊ ಖಂಡಿತ.

ಅಲ್ಲಿಂದ ಶುರುವಾಯಿತು ನೋಡಿ ಮೋಜು. ನನ್ನ ಕಣ್ಣಿನಲ್ಲಿ ನೀರು ಸುರಿಯುತ್ತಿದೆಯಲ್ಲ, ಒಂದು ಎರಡಾಗಿ ಕಾಣುತ್ತಿರಬೇಕು ಎಂದ ರಂಗಸ್ವಾಮಿ. ಹಾಗಾದರೆ ನೂರನಾಲ್ಕು ಕಾಣಬೇಕಿತ್ತು ಎಂದೆ. ಆದರೂ ಆಗಲಿ ಎಂದು ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ಎಣಿಸಿದೆ, ಐವತ್ತಮೂರೇ. ಎಲ್ಲರೂ ಟಿಕೆಟ್ ಎತ್ತಿ ಹಿಡಿಯಿರಿ ಎಂದ. ಎತ್ತಿದರು, ನಾನೂ ನನ್ನ ಪಾಸ್ ಎತ್ತಿದೆ. ಎತ್ತಿದ ಕೈ ಐವತ್ತೆರಡು ಎಂದು ನಾನೂ ಒಪ್ಪಿಕೊಂಡೆ. ಕೈ ಇಳಿಸಿದ ಮೇಲೆ ತಲೆ ಎಣಿಸಿದರೆ ಮತ್ತೆ ಐವತ್ತಮೂರು. ಎತ್ತದವನು ಯಾರು ಎಂದು ಸೀಟು ಸೀಟಿಗೂ ಹೋಗಿ ಕೇಳಿದರೆ ಎಲ್ಲರ ಕೈಯಲ್ಲೂ ಟಿಕೆಟ್ ಇದೆ.

"ನೀನು ನಿನ್ನೇ ಎಲ್ಡು ಸಲ ಎಣಿಸ್ಕತಿದ್ದೀಯ ಕಣ್ಲಾ" ಎಂದು ರಂಗಸ್ವಾಮಿ ತಲೆ ಚಚ್ಚಿಕೊಂಡ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ.

ಆಗ ಅವರೆಕಾಯಿ ಅಜ್ಜಿ ತಿರುಗಿ ಕುಳಿತಳು. "ಎಣಿಸಾಕೆ ಬರಾಕಿಲ್ವೇನ್ರಪ್ಪ ನಿಮ್ಗೆ? ನಮ್ಮಟ್ಟೀಲಿ ಆಳು ಎಣಿಸ್ಬೇಕಾದ್ರೆ ತಲೆಗೊಂದು ಕಾಯಿ ಕೊಡ್ತೀವಿ. ಕಾಯಿ ಸುಳ್ಳು ಯೋಳಾಕಿಲ್ಲ" ಎಂದು ಚೀಲದ ಬಾಯಿ ಬಿಚ್ಚಿದಳು. ಅವಳೂ ರಂಗಸ್ವಾಮಿಯೂ ಸೇರಿ, ಇಬ್ಬರೂ ಜೋರಾಗಿ ಹೇಳುತ್ತಾ, ಐವತ್ತಮೂರು ಅವರೆಕಾಯಿ ಎಣಿಸಿ ನನ್ನ ಟವೆಲ್ಲಿಗೆ ಹಾಕಿದರು. ರಂಗಸ್ವಾಮಿಯ ಲೆಕ್ಕ ಸರಿಯಿದ್ದರೆ, ಎಲ್ಲರಿಗೂ ಒಂದೊಂದು ಹಂಚಿ ನನಗೂ ಒಂದು ಇಟ್ಟುಕೊಂಡ ಮೇಲೆ ಟವೆಲ್ಲಿನಲ್ಲಿ ಒಂದು ಕಾಯಿ ಉಳಿಯಬೇಕು. ನಾನು ಹಿಂದಿನ ಸೀಟಿನಿಂದ ಹಂಚುತ್ತಾ ಬಂದೆ. ಜನ ಮದುವೆಯಲ್ಲಿ ತಾಂಬೂಲ ತೆಗೆದುಕೊಳ್ಳುವಂತೆ ಕೈಯೊಡ್ಡಿ ತೆಗೆದುಕೊಂಡರು. ಸುಶೀಲಳಿಗೆ ಕೊಟ್ಟೆ, ಅಜ್ಜಿಗೆ ಕೊಟ್ಟೆ, ಮುಂದಿನವರಿಗೂ ಕೊಟ್ಟು ನನಗೊಂದು ಇಟ್ಟುಕೊಂಡೆ. ಟವೆಲ್ ಖಾಲಿಯಾಗಿತ್ತು.

"ಕೊಡಿ ವಾಪಸ್ಸು" ಎಂದು ರಂಗಸ್ವಾಮಿ ತನ್ನ ಟೋಪಿ ಹಿಡಿದು ಹೊರಟ. ಒಬ್ಬೊಬ್ಬರಿಂದಲೂ ಒಂದೊಂದು ಕಾಯಿ ಈಸಿಕೊಂಡ. ನನ್ನದನ್ನೂ ಹಾಕಿದೆ. ಎಣಿಸಿದರೆ ಐವತ್ತೆರಡು.

ಬಿದ್ದಿರಬೇಕು ಎಂದು ಸೀಟಿನ ಕೆಳಗೆಲ್ಲ ಹುಡುಕಿದರು, ಸಿಗಲಿಲ್ಲ. ಅಜ್ಜಿ ನನ್ನನ್ನೇ ದುರುಗುಟ್ಟಿ ನೋಡಿ, "ನೀನೇ ತಿಂದ್ಬುಟ್ಟೆ ಕಣಪ್ಪ" ಎಂದಳು. ಎರಡು ಬೆರಳಷ್ಟು ತೆರೆಯುವ ನನ್ನ ಬಾಯಿ ತೋರಿಸಿ, ಇದರೊಳಗೆ ಅವರೆಕಾಯಿ ಹೋಗುವುದಾದರೆ ನಾನು ಆಸ್ಪತ್ರೆಗೆ ಏಕೆ ಹೋಗುತ್ತಿದ್ದೆ ಎಂದೆ. ಅಜ್ಜಿ, "ಅಯ್ಯೋ ಮಗ" ಎಂದು ನನ್ನ ಕೆನ್ನೆ ಮುಟ್ಟಿ ಲಟಿಕೆ ಮುರಿದಳು. ಮತ್ತೆ ಎಲ್ಲರೂ ಮಾತಿಗೆ ಶುರುಮಾಡಿದರು. ಒಬ್ಬರು ದೆವ್ವ ಎಂದರು, ಒಬ್ಬರು ಕಳ್ಳ ಎಂದರು, ಹಿಂದಿನ ಸೀಟಿನ ಮೇಷ್ಟ್ರೊಬ್ಬರು ಸಂಕಲನದ ದೋಷ ಎಂದರು. ಕಾಯಿಲೆ ಬಂದ ಮೇಲೆ ನಾನು ಅಷ್ಟು ಖುಷಿಯಾಗಿ ಕಳೆದ ಮುಂಜಾನೆ ಇನ್ನೊಂದಿರಲಿಲ್ಲ. ಕೆನ್ನೆಯ ನೋವು, ಸರ್ಜನ್ ಬರೆದ ತಲೆಬುರುಡೆ, ಜೇಬಿನ ಚೀಟಿ ಯಾವುದೂ ನೆನಪಿರಲಿಲ್ಲ. ಲೆಕ್ಕ ತಪ್ಪಿದರೆ ಕಂಡಕ್ಟರನಿಗೆ ಬೇರೇನೂ ತೋಚುವುದಿಲ್ಲ.

ಚನ್ನರಾಯಪಟ್ಟಣ ಬಂತು. ರಂಗಸ್ವಾಮಿ ಹಿಂದಿನ ಬಾಗಿಲು ಹಾಕಿಸಿ, ಮುಂದಿನ ಬಾಗಿಲಿನಲ್ಲಿ ನನ್ನನ್ನು ನಿಲ್ಲಿಸಿದ. ಇಲ್ಲಿಗೆ ಟಿಕೆಟ್ ತೆಗೆದುಕೊಂಡವರು ಹನ್ನೊಂದು ಜನ. ಚೆಕಿಂಗ್ ಮುಗಿಯುವವರೆಗೆ ಬೇರೆ ಯಾರೂ ಇಳಿಯಬೇಡಿ, ಹತ್ತಬೇಡಿ ಎಂದು ಕೂಗಿದ. ನಾನು ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟು ನಿಂತೆ. ಇಲ್ಲಿ ಒಂದು ಮಾತು ಹೇಳಬೇಕು. ಹಳೆಯ ಕಂಡಕ್ಟರುಗಳಿಗೆ ಇಳಿಯುವವರನ್ನು ಕಣ್ಣಿನಿಂದ ನೋಡಲೇಬೇಕೆಂದಿಲ್ಲ. ಒಬ್ಬ ಮನುಷ್ಯ ಇಳಿದಾಗ ಮೆಟ್ಟಿಲು ಒಂದು ಸಲ ತಗ್ಗಿ ಮೇಲೇಳುತ್ತದೆ. ಅದು ಕಾಲಿಗೆ ಗೊತ್ತಾಗುತ್ತದೆ. ಟಿಕೆಟ್ ಕೊಡುತ್ತಲೇ ಎಷ್ಟು ಜನ ಇಳಿದರೆಂದು ನಾವು ಹೇಳುತ್ತಿದ್ದೆವು.

ಹನ್ನೊಂದು ಜನ ಇಳಿದರು. ಹನ್ನೊಂದನೆಯವರು ಆ ಮೇಷ್ಟ್ರು. ಅವರು ನೆಲ ಮುಟ್ಟಿ ಎರಡು ಹೆಜ್ಜೆ ಹೋದ ಮೇಲೆ, ನನ್ನ ಕಾಲ ಕೆಳಗೆ ಮೆಟ್ಟಿಲು ಇನ್ನೊಂದು ಸಲ ತಗ್ಗಿತು, ಮೇಲೆದ್ದಿತು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ.

ನೋಡೋಣವೆಂದು ನಾನೇ ಕೆಳಗಿಳಿದೆ. ಬಸ್ ಸ್ಟ್ಯಾಂಡಿನಲ್ಲಿ ಎಂದಿನಂತೆ ಜನ, ಕಡಲೆಕಾಯಿಯವರು, ಹೂವಿನವರು. ಯಾವ ನೆಲದ ಮೇಲೆ ಇಳಿದು ಮಾಯವಾಗಬೇಕೆಂದು ಹದಿನೈದು ದಿನದಿಂದ ಹೊಂಚಿದ್ದೆನೋ ಅದೇ ನೆಲದ ಮೇಲೆ ನಿಂತಿದ್ದೆ, ಹೆಂಡತಿ ಬಸ್ಸಿನೊಳಗಿದ್ದಳು. ಆದರೆ ನನಗೆ ಅದು ನೆನಪೇ ಆಗಲಿಲ್ಲ. ತಲೆಯಲ್ಲಿ ಇದ್ದದ್ದು ಒಂದೇ: ಈಗ ಒಳಗೆ ಎಷ್ಟು? ಓಡಿಬಂದು ಬಸ್ ಹತ್ತಿ ಎಣಿಸಿದೆ. ನಲವತ್ತೊಂದು. ಮತ್ತೆ ಎಣಿಸಿದೆ. ನಲವತ್ತೊಂದು. ಚೆಕಿಂಗ್ ಇನ್‌ಸ್ಪೆಕ್ಟರ್ ಹತ್ತಿ ಎಣಿಸಿ, ಟಿಕೆಟ್ ನೋಡಿ, "ಎಲ್ಲಾ ಕರೆಕ್ಟಾಗೈತೆ, ಯಾಕ್ರೀ ಇಬ್ರೂ ಇಂಗೆ ಬೆವರ್ತಿದ್ದೀರಾ?" ಎಂದು ಸಹಿ ಹಾಕಿ ಇಳಿದರು. ನಾನೂ ರಂಗಸ್ವಾಮಿಯೂ ತಬ್ಬಿಕೊಂಡೆವು. ಈ ಗಲಾಟೆಯಲ್ಲಿ ಹೊತ್ತಾಗಿಹೋಗಿದೆ, ತಿಂಡಿಗೆ ಮುಂದೆಲ್ಲಾದರೂ ನಿಲ್ಲಿಸುತ್ತೇನೆ ಎಂದು ಡ್ರೈವರ್ ಸಾಬರು ಗಾಡಿ ತೆಗೆದೇಬಿಟ್ಟರು.

ನಾನು ಸೀಟಿಗೆ ಬಂದು ಕುಳಿತಾಗ ಬಸ್ಸು ಊರು ದಾಟಿ ಬೆಂಗಳೂರು ರಸ್ತೆ ಹಿಡಿದಿತ್ತು. ಸುಶೀಲ ಕಿಟಕಿಯ ಕಡೆ ಮುಖ ಮಾಡಿಕೊಂಡು ಮೆಲ್ಲಗೆ, "ಚನ್ರಾಯ್‌ಪಟ್ಣ ಓಯ್ತು" ಎಂದಳು.

ಅವಳು ತನ್ನ ಚೀಲದಿಂದ ಮಡಿಸಿದ ಒಂದು ಚೀಟಿ ತೆಗೆದು ನನ್ನ ತೊಡೆಯ ಮೇಲಿಟ್ಟಳು. ನನ್ನ ಜೇಬಿನಲ್ಲಿದೆ ಎಂದುಕೊಂಡಿದ್ದ ಪಂಡಿತರ ಊರಿನ ಚೀಟಿ. ಹಿಂದಿನ ವಾರ ಅಂಗಿ ಒಗೆಯುವಾಗಲೇ ಸಿಕ್ಕಿತ್ತಂತೆ.

"ನಿಮ್ ಕೂಡೆ ಜಗಳ ಆಡೋ ಸಗ್ತಿ ನಂಗಿರ್ನಿಲ್ಲ" ಎಂದಳು. "ಇಳುದ್ರೆ ಇಳ್ಕಳಿ ಅಂತ ಸುಮ್ಕಿದ್ದೆ. ನೀವು ಕೆಳಕ್ಕೆ ಇಳುದ್ರಲ್ಲ, ಆಗ ನನ್ ಜೀವ ಬಾಯಿಗೆ ಬಂದಿತ್ತು. ಆಮೇಲೆ ಓಡ್ಬಂದು ಅತ್ಕಂಡ್ರಿ. ಈಗೇನ್ ಮಾಡಾನ ಯೋಳಿ."

ಏನು ಮಾಡುವುದು? ಅವಳ ಕೈಯಲ್ಲಿ ಬೆಂಗಳೂರಿನ ಟಿಕೆಟ್ ಇತ್ತು. ಟಿಕೆಟ್ ತೆಗೆದುಕೊಂಡ ಊರಿಗೆ ಹೋಗದೆ ನಡುದಾರಿಯಲ್ಲಿ ಇಳಿದರೆ ಕಂಡಕ್ಟರ್ ಜಾತಿಗೇ ಅವಮಾನ, ನಡಿ ಎಂದೆ. ಅವಳು ಅಳುತ್ತಲೇ ನಕ್ಕಳು. ಚೀಟಿಯನ್ನು ಕಿಟಕಿಯಿಂದ ಆಚೆ ಬಿಟ್ಟೆವು.

ಮೂರು ದಿನ ಕಳೆದು ಆಪರೇಷನ್ ಆಯಿತು. ಬೆಳಿಗ್ಗೆ ಒಳಗೆ ಹೋದವನು ಹೊರಗೆ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಕಣ್ಣು ಉಳಿಯಿತು. ಇನ್ನು ಹದಿನೈದು ದಿನ ಬಿಟ್ಟು ಬಂದಿದ್ದರೆ ನಾನು ಕತ್ತಿ ಮುಟ್ಟುತ್ತಿರಲಿಲ್ಲ ಎಂದರು ಸರ್ಜನ್. ಮೊದಲ ಕೆಲವು ದಿನ ಬಾಯಿಗೂ ಮೂಗಿಗೂ ನಡುವಿನ ಗೋಡೆಯೇ ಇಲ್ಲದೆ, ಕುಡಿದ ಕಾಫಿ ಮೂಗಿನಿಂದ ಇಳಿಯುತ್ತಿತ್ತು. ನಾನು ಅರಕಲಗೂಡು ಎಂದರೆ ಸುಶೀಲ ಕಿವಿಗೊಟ್ಟು ಕೇಳಿ, "ಏನು, ಆನೆಗೂಡಾ?" ಎನ್ನುತ್ತಿದ್ದಳು. ಆಮೇಲೆ ಅಳತೆ ತೆಗೆದು ಪ್ಲೇಟು ಕೂರಿಸಿದರು. ಕೂರಿಸಿದ ದಿನ ನಾನು ಮಾಡಿದ ಮೊದಲ ಕೆಲಸವೆಂದರೆ ಚೀಲದಿಂದ ಸೀಟಿ ತೆಗೆದು ಊದಿದ್ದು. ವಾರ್ಡೆಲ್ಲ ಬೆಚ್ಚಿಬಿದ್ದಿತು. ನರ್ಸಮ್ಮ ಬೈದರು. ನಾನು ಇನ್ನೊಂದು ಸಲ ಊದಿದೆ. ನನಗೆ ಅಳು ಬಂದದ್ದು ಕಾಯಿಲೆ ಎಂದಾಗಲೂ ಅಲ್ಲ, ಅದು ಮರಳಿ ಬಂದಾಗಲೂ ಅಲ್ಲ, ಆ ಸೀಟಿ ಕೂಗಿದಾಗ.

ಆರು ತಿಂಗಳಿಗೆ ಡ್ಯೂಟಿಗೆ ಹೋದೆ. ಕೆನ್ನೆ ಒಳಗೆ ಇಳಿದಿದೆ, ಮೂಗಿನ ಪಕ್ಕ ಗೀರಿದೆ, ಮಾತು ಸ್ವಲ್ಪ ಗೊಣಗೊಣ. ಮೊಮ್ಮಕ್ಕಳು ಚೀರಿಕೊಳ್ಳಲಿಲ್ಲ, ಪ್ಲೇಟು ತೆಗೆದು ತೋರಿಸು ಎಂದು ಪಕ್ಕದ ಮನೆಯ ಮಕ್ಕಳನ್ನೆಲ್ಲ ಕರೆತಂದರು. ತಪಾಸಣೆಗೆ ಹೋದಾಗಲೆಲ್ಲ ಏನೂ ಇಲ್ಲ ಎಂದೇ ಹೇಳಿದರು. ಐವತ್ತಮೂರರ ಕಥೆಯನ್ನು ಡಿಪೋದಲ್ಲಿ ರಂಗಸ್ವಾಮಿ ಸಾವಿರ ಸಲ ಹೇಳಿ ನಗಿಸಿದ. ನನಗೂ ಅದು ಬರೀ ತಮಾಷೆಯಾಗಿಯೇ ಉಳಿದುಬಿಡುತ್ತಿತ್ತು.

ನಾಲ್ಕು ವರ್ಷದ ಮೇಲೆ ಸುಶೀಲಳ ಕಡೆಯ ನೆಂಟರ ಮದುವೆಗೆಂದು ಚನ್ನರಾಯಪಟ್ಟಣದ ಆಚೆ ಹೋಗಿದ್ದೆವು. ಊಟವಾದ ಮೇಲೆ, ಪಂಡಿತರ ಹಳ್ಳಿ ಇಲ್ಲಿಂದ ಅರ್ಧ ಮೈಲಿ ಎಂದು ಯಾರೋ ಮಾತಿಗೆ ಹೇಳಿದರು. ನನಗೆ ಕುತೂಹಲವಾಯಿತು. ತಪ್ಪಿಸಿಕೊಂಡ ಹಳ್ಳವನ್ನು ಒಮ್ಮೆ ಇಣುಕಿ ನೋಡೋಣ ಎಂದು ಇವಳನ್ನೂ ಕರೆದುಕೊಂಡು ನಡೆದೆ. ಪಂಡಿತರು ತೀರಿಕೊಂಡಿದ್ದರು. ಅವರ ವಯಸ್ಸಾದ ಹೆಂಡತಿ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಾ ಕುಳಿತಿದ್ದರು. ನೀರು ಕೊಟ್ಟರು. ನಾನು ನೀರು ಕುಡಿಯುವುದನ್ನೇ ನೋಡುತ್ತಿದ್ದವರು, "ನಿಮ್ಗೆ ಅಣ್ಣ ತಮ್ಮ ಯಾರಾನ ಇದ್ರಾ?" ಎಂದು ಕೇಳಿದರು.

ಇಲ್ಲ, ನಾನೊಬ್ಬನೇ ಮಗ ಎಂದೆ.

"ಇದೇ ಎತ್ರ, ಇದೇ ಮೈಕಟ್ಟಿನೋರು ಒಬ್ರು ಬತ್ತಿದ್ರು ಕಣಪ್ಪ, ನಾಕು ವರ್ಸದ ಕೆಳ್ಗೆ, ಅವರೆಕಾಯ್ ಕಾಲ್ದಲ್ಲಿ. ಬಸ್ ಕಂಡಕ್ಟ್ರಂತೆ. ಇದೇ ಬಲಗೆನ್ನೆ ಊದ್ಕಂಡಿತ್ತು, ಟವಲ್ ಸುತ್ಕಂಡು ಬತ್ತಿದ್ರು. ನಮ್ಮೆಜಮಾನ್ರು ಸೊಪ್ ಕಟ್ತಿದ್ರು. ಒಬ್ರೇ ಬರೋರು, ಒಬ್ರೇ ಓಗೋರು. ಮೂರು ಸಲ ಬಂದ್ರು. ಮೂರ್ನೇ ಸಲ ಕಣ್ಣೂ ಓಗಿತ್ತು ಪಾಪ. ಆಮೇಲೆ ಬರ್ನಿಲ್ಲ."

ಕಂಡಕ್ಟರುಗಳು ಬೇಕಾದಷ್ಟು ಜನ, ಊದಿದ ಕೆನ್ನೆಗಳೂ ಬೇಕಾದಷ್ಟು ಎಂದು ನನ್ನ ಮನಸ್ಸು ಆಗಲೇ ಹೇಳತೊಡಗಿತ್ತು. ಯಾವ ಊರಿನವರು, ಏನು ಹೆಸರು ಎಂದು ಕೇಳಿದೆ.

"ಯಾವೂರೋ, ಯೋಳ್ನಿಲ್ಲ. ಇದೇ ಜಗಲಿ ಮ್ಯಾಲೆ ಕೂತ್ಕಂಡು ಅಳೋರು. ಎಂಡ್ತೀನ ಬಸ್ನಾಗೇ ಬುಟ್ಟು ಇಳ್ದು ಬಂದ್ಬುಟ್ಟೆ ಕಣಮ್ಮಾ, ಈಗ ಯಾವ ಮೊಕ ಇಟ್ಕಂಡು ಮನೇಗೋಗ್ಲಿ ಅನ್ನೋರು."

ಸುಶೀಲಳ ಕೈಯಲ್ಲಿದ್ದ ಲೋಟ ಜಗಲಿಯ ಮೇಲೆ ಬಿತ್ತು. ನಾನು ಬಗ್ಗಿ ಎತ್ತಿಕೊಟ್ಟೆ.

ಆ ತಾಯಿಗೆ ನಮ್ಮ ವಿಷಯ ಯಾರೂ ಹೇಳಿರಲಿಲ್ಲ. ಬಸ್ಸಿನಿಂದ ಇಳಿದು ಓಡಿಹೋಗುವ ಉಪಾಯ ನನಗೂ ಸುಶೀಲಳಿಗೂ ಬಿಟ್ಟರೆ ಈ ಲೋಕದಲ್ಲಿ ಮೂರನೆಯವರಿಗೆ ಗೊತ್ತಿರಲಿಲ್ಲ. ನಾಚಿಕೆಗೆ ನಾನು ರಂಗಸ್ವಾಮಿಗೂ ಹೇಳಿರಲಿಲ್ಲ. ನನ್ನಂಥದೇ ಕಾಯಿಲೆಯ, ನನ್ನಂಥದೇ ಹೇಡಿ ಇನ್ನೊಬ್ಬ ಕಂಡಕ್ಟರ್ ಅದೇ ಕಾಲದಲ್ಲಿ ಇದ್ದಿರಬಹುದೇ? ಇರಬಹುದು. ಡಿಪೋ ಡಿಪೋಗೂ ವಿಚಾರಿಸಿದೆ, ಅಂಥವನು ಯಾರೂ ಇರಲಿಲ್ಲ. ಮುದುಕಿಗೆ ನೆನಪು ಕಲಸಿರಬಹುದೇ? ಅದೂ ಇರಬಹುದು. ದೆವ್ವವನ್ನು ನಾನು ಈಗಲೂ ನಂಬುವುದಿಲ್ಲ. ನಿವೃತ್ತಿಯಾಗಿ ಮನೆಯಲ್ಲಿ ಕುಳಿತಿರುವ ಈಗಲೂ, ಅವತ್ತು ಹನ್ನೆರಡನೆಯ ಸಲ ತಗ್ಗಿದ ಮೆಟ್ಟಿಲನ್ನೂ ಸೇರಿಸಿ ಎಷ್ಟೋ ಸಲ ಕೂಡಿ ಕಳೆದು ನೋಡಿದ್ದೇನೆ, ನನಗೆ ಬಗೆಹರಿದಿಲ್ಲ.

ಅವತ್ತು ವಾಪಸ್ ಬರುವಾಗ ಬಸ್ಸು ಖಾಲಿಯಿತ್ತು. ನಾಲ್ಕು ಜನರ ಮುಂದೆ ಎಂದೂ ನನ್ನ ಪಕ್ಕ ಒತ್ತಿ ಕೂರದ ಸುಶೀಲ ನನ್ನ ತೋಳು ಹಿಡಿದು ಕುಳಿತಿದ್ದಳು. ಹೊಳೆನರಸೀಪುರ ದಾಟಿತು. ಆಮೇಲೆ ಒಂದೇ ಒಂದು ಮಾತು ಕೇಳಿದಳು.

"ಅಲ್ಲ, ಅಷ್ಟು ದಿನ ಅವ್ರಿಗೆ ಊಟಕ್ಕೆ ಯಾರು ಇಕ್ತಿದ್ರು?"